ಒಂದೇ ಪಂದ್ಯ ಗೆದ್ದ ಫುಟ್‌ಬಾಲ್ ಸರ್

೨೦೦೩ರ ಆಗಸ್ಟ್ ಹತ್ತು, ಭಾನುವಾರ. ಬೆಳಿಗ್ಗೆಯಿಂದ ಮೋಡ, ಗಾಳಿ, ಮಳೆಯಿಲ್ಲ. ಹರಪನಹಳ್ಳಿಯ ಒಂದು ಹೋಟೆಲಿನಲ್ಲಿ ನಮ್ಮ ಕಾಲೇಜಿನ ಹಳೆಯ ಆಟಗಾರರು ಸೇರಿದ್ದರು. ನಿವೃತ್ತರಾದ ಫುಟ್‌ಬಾಲ್ ಕೋಚ್‌ಗೆ ಶಾಲು ಹೊದಿಸಿ ಸನ್ಮಾನ ಪತ್ರ ಕೊಡಬೇಕೋ ಬೇಡವೋ ಎಂಬ ಚರ್ಚೆ. ಪತ್ರ ಬರೆಯುವ ಕೆಲಸ ಗ್ರಂಥಪಾಲಕನಾದ ನನ್ನದು. ಸರ್ ಹೆಸರೆತ್ತಿದ ಕಡೆ ಮೊದಲು ಜಗಳ, ಆಮೇಲೆ ನಗು. ಇದು ಎಂದೂ ತಪ್ಪಿದ್ದಿಲ್ಲ.

೧. ಪುಸ್ತಕದಲ್ಲಿಲ್ಲದ ನಿಯಮ

ಸರ್ ಮೂಲತಃ ಕಬಡ್ಡಿಯವರು. ಫುಟ್‌ಬಾಲ್ ಕಲಿತದ್ದು ನಮ್ಮ ಗ್ರಂಥಾಲಯದ ಒಂದು ಪುಸ್ತಕದಿಂದ. ಹಡಗಲಿಯ ಪಂದ್ಯಕ್ಕೆ ನಾನೂ ಹೋಗಿದ್ದೆ. ನಮ್ಮವರು ಹೊಡೆದ ಗೋಲನ್ನು ರೆಫರಿ 'ಆಫ್‌ಸೈಡ್' ಎಂದು ತಳ್ಳಿಹಾಕಿದರು. ಸರ್ ಮೈದಾನಕ್ಕೆ ನುಗ್ಗಿದರು.

"ಅಂಥಾ ನಿಯಮನ ಇಲ್ರಿ! ಪುಸ್ತಕ ಪೂರ್ತಿ ಓದೀನಿ ನಾನು."

ಚೀಲದಿಂದ ಪುಸ್ತಕ ತೆಗೆದೂ ಕೊಟ್ಟರು. ರೆಫರಿ ಪುಟ ತಿರುವಿ, "ಸರ್ರ, ಮೂವತ್ತೆರಡು ಆದಮ್ಯಾಲೆ ಮೂವತ್ತೇಳು ಐತಲ್ರಿ?" ಎಂದರು.

ಸರ್ ನನ್ನತ್ತ ತಿರುಗಿದರು. "ಏನ್ರಿ, ಹರಕು ಪುಸ್ತಕ ಕೊಟ್ಟು ನಾಕು ವರ್ಷ ಸೋಲ್ಸಿದ್ರಲ್ರಿ ನಮ್ಮನ್ನ!"

೨. ಕಾಣದ ರಾಶಿ

ಸುಗ್ಗಿ ಬಂದರೆ ನಮ್ಮ ಮೈದಾನದ ತುಂಬ ಮೆಕ್ಕೆಜೋಳ ಒಣಗುತ್ತಿತ್ತು. ರೈತರಿಗೆ ಬೇಡವೆನ್ನಲು ಸರ್‌ಗೆ ಮನಸ್ಸು ಬರುತ್ತಿರಲಿಲ್ಲ. ರಾಶಿಗಳ ನಡುವೆಯೇ ಚೆಂಡು ಒಯ್ಯುವುದನ್ನು ಕಲಿಸಿದರು. ರಾಶಿಗೆ ಕಾಲು ತಾಗಿದವನಿಗೆ ಹತ್ತು ಬಸ್ಕಿ.

ಕೂಡ್ಲಿಗಿಯಲ್ಲಿ ಪಂದ್ಯ ನಡೆದದ್ದು ಬಟ್ಟಬಯಲಿನಲ್ಲಿ. ಗೋಲಿಗೆ ನೇರ ದಾರಿಯಿತ್ತು. ಚೆಂಡು ಸಿಕ್ಕ ನಮ್ಮವನು ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ಸುತ್ತಿ ಬಳಸಿ ಓಡಿದ.

"ನೆಟ್ಟಗ ಹೋಗಲೇ!" ಸರ್ ಕೂಗಿದರು.

"ಸರ್ರ, ರಾಶಿ!" ಎಂದ ಅವನು, ಓಡುತ್ತಲೇ.

೩. ಗೆದ್ದ ಪಂದ್ಯ

ಇನ್ನು ಆ ಭಾನುವಾರದ ಚರ್ಚೆ. ಹನ್ನೊಂದು ವರ್ಷದಲ್ಲಿ ಸರ್ ಗೆದ್ದದ್ದು ಒಂದೇ ಪಂದ್ಯ, ಕೊಟ್ಟೂರಿನವರ ಮೇಲೆ, ಒಂದು ಗೋಲಿನಿಂದ. ನಾವು ಸೇರುವ ವಿಷಯ ಸರ್‌ಗೆ ಯಾರೂ ಹೇಳಿರಲಿಲ್ಲ. ಆದರೂ ಸುದ್ದಿ ಕೇಳಿ ಬಂದು ಮೂಲೆಯಲ್ಲಿ ಕೂತಿದ್ದರು.

"ಒಂದು ಗೆಲುವಿಗೆ ಶಾಲು ಹೊದಿಸಿದ್ರ ಊರು ನಗತೈತಿ," ಎಂದ ಹಳೆಯ ಆಟಗಾರನೊಬ್ಬ, ಈಗ ಗೊಬ್ಬರದಂಗಡಿಯವನು.

"ಕೊಟ್ಟೂರಿನವರನ್ನ ಹೊಡದೀವಲ್ಲಲೇ, ಅಷ್ಟು ಸಾಲ್ದೇನು?" ನಮ್ಮ ಆಗಿನ ಗೋಲ್‌ಕೀಪರ್ ಮೇಜು ಗುದ್ದಿದ. ಸರ್ ಕೈಯಲ್ಲಿನ ಚಹಾ ಆರಿಹೋಗಿತ್ತು. ನಾನು ಆ ಗೆಲುವನ್ನೇ ಪತ್ರದ ಮೊದಲ ಸಾಲಾಗಿ ಬರೆದುಕೊಂಡೆ.

ಇಷ್ಟು ಹೊತ್ತು ಕೇಳುತ್ತಿದ್ದ ಹೋಟೆಲಿನ ಮಾಲೀಕ ಕೈ ಒರೆಸಿಕೊಳ್ಳುತ್ತ ಹತ್ತಿರ ಬಂದ. ಅಂದು ಕೊಟ್ಟೂರಿನ ಗೋಲ್‌ಕೀಪರ್ ಆಗಿದ್ದವನು ಅವನೇ.

"ತಪ್ಪು ತಿಳ್ಕಬ್ಯಾಡ್ರಿ ಸರ್ರ. ಆ ಗೋಲು ನಾನ ಬಿಟ್ಟಿದ್ದು. ನಮ್ಮ ಕೋಚು ಹೇಳಿದ್ರು. ಗೆದ್ದವರು ಮುಂದಿನ ಪಂದ್ಯಕ್ಕ ಮೂರು ದಿನ ಬಳ್ಳಾರಿಗೆ ಹೋಗಬೇಕಿತ್ತು. ಆ ವಾರ ಅವರ ಮನಿ ಗೃಹಪ್ರವೇಶ."

ನಾನು ಪೆನ್ನಿಗೆ ಮುಚ್ಚಳ ಹಾಕಿದೆ.

ಸರ್ ಮೆಲ್ಲಗೆ ಕೇಳಿದರು: "ಅದಕ್ಕ ನಿನಗೇನು ಕೊಟ್ರು?"

"ಒಂದು ಪ್ಲೇಟ್ ಮಂಡಕ್ಕಿ, ಎರಡು ಮಿರ್ಚಿ."

ಸರ್ ಹೊಟ್ಟೆ ಹಿಡಿದು ನಕ್ಕರು. "ಪೆನ್ನು ತಗೀರಿ. ಮೊದಲನೇ ಸಾಲು ಹೊಡದು ಹಾಕಿ ಹಿಂಗ ಬರೀರಿ: ನಮ್ಮ ಹುಡುಗ್ರು ಹನ್ನೊಂದು ವರ್ಷ ಸೋತಾರ, ಒಂದು ಮಿರ್ಚಿನೂ ಮುಟ್ಟಿಲ್ಲ!"