ಈ ಹಾಲು ಕಾಯಿಸುವುದಕ್ಕಲ್ಲ!

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಈ ಮೂರು ತಾಲೂಕಿನಲ್ಲಿ ನಮ್ಮ ಬಂಧುಗಳ ಯಾವ ಮನೆಯಲ್ಲಿ ಹೆರಿಗೆಯಾದರೂ ತೊಟ್ಟಿಲಿಗಿಂತ ಮೊದಲು ಬರುವವರು ನಮ್ಮ ದೊಡ್ಡಮ್ಮ. ಅವರ ಬೆನ್ನಿಗೇ ಜಗಳ! ಅಮ್ಮನ ಅಕ್ಕ, ನಿವೃತ್ತ ಟೀಚರು. ಬಾಣಂತಿಯ ಪರವಾಗಿ ಇಡೀ ಊರಿನ ಮೇಲೆ ಯುದ್ಧ ಸಾರುವುದೇ ಅವರ ನಿವೃತ್ತಿ ಜೀವನ. ಇದು ಉತ್ಪ್ರೇಕ್ಷೆ ಇರಬಹುದು. ವಿಶ್ವವಿದ್ಯಾಲಯದಲ್ಲಿ ನಾನು ಕಲಿತದ್ದು ಎಲ್ಲವನ್ನೂ ಸಂಶಯಿಸುವುದನ್ನು. ಈಗೀಗ ನನ್ನ ನೆನಪನ್ನೇ ಮೊದಲು ಸಂಶಯಿಸುತ್ತೇನೆ.

ನಮ್ಮ ಮಗಳು ಹುಟ್ಟಿ ಮೂರು ವಾರಕ್ಕೆ (ನಾಲ್ಕೋ? ಹೆಂಡತಿಯನ್ನು ಕೇಳಬೇಕು) ದೊಡ್ಡಮ್ಮ ಫರಂಗಿಪೇಟೆಯಿಂದ ಪುತ್ತಿಗೆಯ ನಮ್ಮ ಮನೆಗೆ ಬಂದರು. ಮಗು ಅಳುತ್ತಿತ್ತು. ಹಾಲು ಸಾಲುವುದಿಲ್ಲ ಎಂದು ಅಮ್ಮ ತೀರ್ಪು ಕೊಟ್ಟಾಗಿತ್ತು. ದುಬೈಯ ಭಾವ ತಂದ ಪುಡಿಹಾಲಿನ ಡಬ್ಬ ಮೇಜಿನ ಮೇಲೆ ಹೊಳೆಯುತ್ತಿತ್ತು. ದೊಡ್ಡಮ್ಮ ಅದನ್ನು ಕೈಯಲ್ಲಿ ತೂಗಿ ನೋಡಿದರು.

"ಒಳ್ಳೆ ಭಾರ ಉಂಟು. ಆ ಬಾಗಿಲು ಗಾಳಿಗೆ ಬಡೀತದಲ್ಲಾ, ಅಡ್ಡ ಇಡು."

ಆಮೇಲೆ ನನ್ನ ಕಡೆ ತಿರುಗಿ, "ನೀನು ಎಂ.ಎಸ್ಸಿ. ಅಲ್ವಾ? ಮಗುವಿನ ಒದ್ದೆ ಬಟ್ಟೆ ಎಣಿಸು" ಎಂದರು.

ನನ್ನ ಪದವಿಗೆ ಅಷ್ಟು ನೇರವಾದ ಉಪಯೋಗ ಅದೇ ಮೊದಲು! ಮರುದಿನ ಬೆಳಗಿನವರೆಗೆ ಏಳಾಯಿತು. ಅಥವಾ ಎಂಟು.

"ಆರು ದಾಟಿತಲ್ಲ? ಹಾಲು ಸಾಲ್ತದೆ ಅಂತಲೇ ಲೆಕ್ಕ. ತೂಕವೂ ಏರ್ತಾ ಉಂಟು ಅಂತ ಡಾಕ್ಟ್ರು ಹೇಳಿದ್ದಾರೆ. ಮೇಲಿಂದ ಹೋಗದೆ ಕೆಳಗೆ ಬರ್ತದಾ ಮಾರಾಯ?"

"ಮತ್ತೆ ಅಳುವುದು ಯಾಕೆ ಅಕ್ಕಾ?" ಅಮ್ಮ ಬಿಡಲಿಲ್ಲ.

"ಮಾತು ಬರುವುದಿಲ್ಲ, ಅದಕ್ಕೆ. ಬಂದ ಮೇಲೆ ನಿನ್ನ ಹಾಗೆ ದೂರು ಹೇಳ್ತದೆ."

ಹೆಂಡತಿಗೆ ಹಾಲೂಡುವಾಗ ಜೀವ ಹೋಗುವಷ್ಟು ನೋವು. ತಿಂಡಿಯ ತಟ್ಟೆಯಿಂದ ದೊಡ್ಡಮ್ಮ ಒಂದು ಬನ್ಸ್ ಎತ್ತಿಕೊಂಡರು. "ನೋಡು ಮಗಾ, ತುದಿ ಮಾತ್ರ ಕಚ್ಚಿದರೆ ನಿನಗೆ ನೋವು, ಮಗುವಿಗೆ ಹಾಲಿಲ್ಲ. ಬಾಯಿ ಅಗಲ ತೆರೆದ ಮೇಲೆ ಹತ್ತಿರ ತಕ್ಕೊ. ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗ್ಬೇಕು, ಗದ್ದ ಎದೆಗೆ ತಾಗ್ಬೇಕು." ಪ್ರಾತ್ಯಕ್ಷಿಕೆಗೆ ಸಿಕ್ಕಿದ್ದು ನನ್ನ ಬಾಯಿ. ನಾನು ಅಗಲವಾಗಿ ತೆರೆದೆ. ಬನ್ಸ್ ಪೂರ್ತಿ ಒಳಗೆ ಹೋಯಿತು.

"ಇವನಿಗೆ ಕಲಿಸುವ ಅಗತ್ಯವೇ ಇಲ್ಲ!" ಎಂದರು.

ಹೆಂಡತಿ ಮಿಜಾರಿನ ಒಂದು ಕಾಲೇಜಿನಲ್ಲಿ ಉಪನ್ಯಾಸಕಿ. ರಜೆ ಮುಗಿಯುವ ಎರಡು ವಾರ ಮೊದಲೇ ದೊಡ್ಡಮ್ಮ ಮತ್ತೆ ಹಾಜರು. ಎದೆಹಾಲು ತೆಗೆಯುವ ಪಂಪ್ ತರಿಸಿದರು. ಮೊದಲು ಕೈ ತೊಳೆ, ಪ್ರತಿಸಲವೂ ಪಂಪಿನ ಭಾಗಗಳನ್ನು ಸಾಬೂನಿನಲ್ಲಿ ತೊಳೆ, ಹಾಲು ಇಳಿಯಲು ಮಗುವಿನ ಅಂಗಿ ಮೂಸುತ್ತಾ ಕೂರು, ಮೂರು ಗಂಟೆಗೊಮ್ಮೆ ತೆಗೆ. ದೃಷ್ಟಿ ತಾಗುತ್ತದೆಂದು ಅಮ್ಮ ಬಾಟಲಿಗೆ ಪೇಪರು ಸುತ್ತಿದರು. ದೊಡ್ಡಮ್ಮ ಅದನ್ನು ಕಿತ್ತೆಸೆದು, ಬಾಟಲಿಯ ಮೇಲೆ ದಿನಾಂಕ, ಗಂಟೆಗಳನ್ನು ಬೋರ್ಡಿನ ಮೇಲೆ ಬರೆಯುವ ಗಾತ್ರದಲ್ಲಿ ಬರೆದರು.

"ಹೊರಗೆ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ನಾಲ್ಕು ದಿನ."

"ಫೋನಿನಲ್ಲಿ ಮೂರೇ ದಿನ ಅಂತ ಉಂಟು ದೊಡ್ಡಮ್ಮ" ಎಂದೆ ನಾನು.

"ಹಾಗಾದರೆ ನಿನ್ನ ಫೋನಿಗೆ ಮೂರೇ ದಿನ ಕೊಡು!"

ಅಷ್ಟರಲ್ಲಿ ಅಡುಗೆಮನೆಯಿಂದ ಗ್ಯಾಸ್ ಹಚ್ಚಿದ ಸದ್ದು. ಅಮ್ಮ ಒಂದು ಬಾಟಲಿಯ ಹಾಲನ್ನು ಪಾತ್ರೆಗೆ ಸುರಿದು, ಉಕ್ಕಲೆಂದು ಕಾಯುತ್ತಿದ್ದಾರೆ! ತಪ್ಪೇನು? ನಮ್ಮ ಮನೆಗೆ ಬಂದ ಯಾವ ಹಾಲೂ ಉಕ್ಕದೆ ಲೋಟಕ್ಕೆ ಇಳಿದದ್ದಿಲ್ಲ.

"ಅದು ಡೈರಿಯಿಂದ ಬಂದದ್ದಾ?" ದೊಡ್ಡಮ್ಮ ಹೌಹಾರಿದರು. "ಬಿಸಿನೀರಿನಲ್ಲಿ ಬಾಟಲಿ ಇಟ್ಟರೆ ಸಾಕು!"

"ಕಾಯಿಸದ ಹಾಲು ಮಗುವಿಗಾ?"

"ಇಷ್ಟು ದಿನ ಕಾಯಿಸಿ ಕುಡಿಸಿದ್ದಾ?"

ಅಮ್ಮ ಗ್ಯಾಸ್ ಆರಿಸಿ ಪಾತ್ರೆಯನ್ನು ದಡಕ್ಕನೆ ಕೆಳಗಿಟ್ಟರು. ನಾನು ಒಳಗೊಳಗೇ ಎಷ್ಟು ನಕ್ಕೆನೋ!

ಕಾಲೇಜು ಶುರುವಾದ ಮೇಲೆ ನಗು ನಿಂತಿತು. ಅಲ್ಲಿ ಹಾಲು ತೆಗೆಯಲು ಒಂದು ಕೋಣೆ ಕೊಡಲು ಯಾರಿಗೂ ತೋಚಲಿಲ್ಲ. ಶೌಚಾಲಯ ಇದೆಯಲ್ಲ ಎಂದರಂತೆ. ನಾಲ್ಕನೇ ದಿನ ಹೆಂಡತಿ ತಂದ ಬಾಟಲಿಯಲ್ಲಿ ತಳ ಮುಚ್ಚುವಷ್ಟೂ ಹಾಲಿರಲಿಲ್ಲ.

"ನಿಲ್ಲಿಸ್ತೇನೆ ದೊಡ್ಡಮ್ಮ. ಬಾಗಿಲು ಯಾರೋ ಬಡೀತಾರೆ, ಹಾಲು ಇಳಿಯುವುದೇ ಇಲ್ಲ" ಎಂದು ಅತ್ತಳು.

ಮರುದಿನ ದೊಡ್ಡಮ್ಮ ನಮ್ಮ ಕಾರು ಹತ್ತಿ ಕೂತರು. ಕಾಲೇಜಿನಲ್ಲಿ ಯಾರನ್ನೂ ಕೇಳದೆ ಹಳೆ ಫೈಲುಗಳ ಕೋಣೆಯೊಳಗೆ ಹೆಂಡತಿಯನ್ನು ಕಳಿಸಿ, ಬಾಗಿಲಿಗೆ ಕುರ್ಚಿ ಹಾಕಿ ಕೂತರು. ನಾನು ಕಂಬದ ಮರೆಯಲ್ಲಿದ್ದೆ. ವಿಭಾಗದ ಮುಖ್ಯಸ್ಥರು ಬಂದರು.

"ಒಂದು ಫೈಲು ಬೇಕಿತ್ತು ಅಮ್ಮಾ."

"ಫೈಲಿಗೆ ಹಸಿವಾಗ್ತದಾ ಸಾರ್?"

"ಇಲ್ಲ..."

"ಮಗುವಿಗೆ ಆಗ್ತದೆ. ಇಪ್ಪತ್ತು ನಿಮಿಷ ನಿಲ್ಲಿ. ನಾಳೆಯೂ ಇದೇ ಹೊತ್ತಿಗೆ ಬರ್ತೇನೆ, ಕೋಣೆ ಕೊಡುವವರೆಗೆ ಬರ್ತೇನೆ!"

ಅವರು ಹೋದರು. ಒಳಗೆ ಪಂಪಿನ ಸಣ್ಣ ಸದ್ದು ಶುರುವಾಯಿತು. ದೊಡ್ಡಮ್ಮ ನನ್ನತ್ತ ನೋಡದೆಯೇ ಮಾತಾಡಿದರು. ಶಬ್ದಗಳು ಇವೇ ಎಂದು ಪ್ರಮಾಣ ಮಾಡಲಾರೆ.

"ಬೆಳ್ತಂಗಡಿಯಲ್ಲಿ ನಾನು ಶಾಲೆಗೆ ಸೇರಿದಾಗ ನನ್ನ ಮಗನಿಗೆ ಮೂರು ತಿಂಗಳು. ಮಧ್ಯಾಹ್ನ ಆದರೆ ರವಿಕೆ ಒದ್ದೆ. ಬಚ್ಚಲಿಗೆ ಹೋಗಿ ಹಿಂಡಿ ಚೆಲ್ತಿದ್ದೆ. ಅವನು ಮನೆಯಲ್ಲಿ ಅಳ್ತಿದ್ದ. ಒಂದು ದಿನ ಹಾಲೇ ನಿಂತಿತು. ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ."

ಒಳಗೆ ಪಂಪಿನ ಸದ್ದು ನಿಂತಿತು. ಬಾಗಿಲು ತೆರೆದು ಹೆಂಡತಿ ಬಾಟಲಿ ಚಾಚಿದಳು, ಅರ್ಧಕ್ಕಿಂತ ಮೇಲಿತ್ತು. ದೊಡ್ಡಮ್ಮ ಅದನ್ನು ಎರಡೂ ಅಂಗೈಗಳ ನಡುವೆ ಹಿಡಿದುಕೊಂಡರು.

"ಬೆಚ್ಚಗುಂಟು" ಎಂದರು.