ಪೂರ್ವಕ್ಕೆ ಕುಳಿತು ಟರ್ಕಿ ಹಿಡಿದ ಪ್ರಸಂಗ

ಕೋಳಿಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದು ಕಳೆದ ಏಪ್ರಿಲ್‌ವರೆಗೂ ನಂಬಿದ್ದೆ. ಕಿನ್ನಿಗೋಳಿಯ ನನ್ನ ಸೋದರಮಾವ ಕೋಳಿ ಅಂಕದಲ್ಲಿ, ಅಂದರೆ ಕೋಳಿ ಕಾಳಗದಲ್ಲಿ, ಹೆಸರು ಮಾಡಿದವರು. ಅವರ ಹುಂಜಗಳನ್ನು ಕಂಕುಳಲ್ಲಿ ಇಟ್ಟುಕೊಂಡೇ ಬೆಳೆದವನು ನಾನು. ಹಾಗಾಗಿ ಇಂಗ್ಲೆಂಡಿನ ಮ್ಯಾಕಲ್ಸ್‌ಫೀಲ್ಡಿನಲ್ಲಿ ನಮ್ಮ ಪಕ್ಕದ ಮನೆಯ ಡೊರೀನ್, "ಮಗಳ ಮನೆಗೆ ಹೋಗಿ ಭಾನುವಾರ ಬೆಳಿಗ್ಗೆ ಬರುತ್ತೇನೆ, ಅಲ್ಲಿಯವರೆಗೆ ಆರ್ಥರನನ್ನು ನೋಡಿಕೊಳ್ಳುತ್ತೀರಾ?" ಎಂದಾಗ ಎದೆಯುಬ್ಬಿಸಿ ಒಪ್ಪಿಕೊಂಡೆ.

ಆರ್ಥರ್ ಒಂದು ಟರ್ಕಿ ಕೋಳಿ. ಕಪ್ಪು ಮೈ, ಕೆಂಪು ಗಂಟಲು, ನಿವೃತ್ತ ಹೆಡ್‌ಮಾಸ್ತರರ ನಡಿಗೆ. ಡೊರೀನರ ಗಂಡ ತೀರಿಕೊಳ್ಳುವ ಮೊದಲು ಮರಿಯಿಂದ ಸಾಕಿದ್ದು. ಮನೆಮನೆಯಲ್ಲೂ ಟರ್ಕಿ ಬೇಯುವ ಕ್ರಿಸ್‌ಮಸ್ ಎಷ್ಟು ಬಂದು ಹೋದರೂ ಅವನ ಒಂದು ಗರಿಯೂ ಕೊಂಕಿಲ್ಲ. ಆಕೆಗೆ ಉಳಿದಿರುವ ಸಂಸಾರ ಅಂದರೆ ದೂರದ ಮಗಳು ಮತ್ತು ಇವನು.

ಶನಿವಾರ ಸಂಜೆ ಕಾಳು ಹಾಕಿದೆ, ನೀರಿಟ್ಟೆ, ಮಾವನಿಗೆ ಕಳಿಸಲು ಫೋಟೋ ತೆಗೆಯೋಣವೆಂದು ಗೂಡಿನಿಂದ ನಾಲ್ಕು ಹೆಜ್ಜೆ ಹಿಂದೆ ಬಂದೆ. ಫೋಟೋ ಬಹಳ ಚೆನ್ನಾಗಿ ಬಂತು. ಬಾಗಿಲು ಮಾತ್ರ ತೆರೆದೇ ಇತ್ತು. ಔಷಧ ಕಾರ್ಖಾನೆಯಲ್ಲಿ ದಿನವೂ ಬಾಗಿಲು ಹಾಕಿದೆ ಎಂದು ಮೂರು ಕಡೆ ಸಹಿ ಮಾಡುವ ಮನುಷ್ಯ ನಾನು!

ನಾನು ಮಾವನ ಮೆಚ್ಚುಗೆ ಓದಿ ತಲೆಯೆತ್ತುವಷ್ಟರಲ್ಲಿ ಆರ್ಥರ್ ಬೇಲಿ ಹಾರಿ, ಹಿತ್ತಲಾಚೆಯ ಇಳಿಜಾರಿನ ಓಕ್ ಮರ ಸೇರಿದ್ದ. ಏಣಿ ತಂದೆ. ನಾನು ಒಂದು ಮೆಟ್ಟಿಲು ಹತ್ತಿದರೆ ಅವನು ಒಂದು ಕೊಂಬೆ ಹತ್ತಿದ. ಏಣಿ ಮುಗಿಯಿತು, ಮರ ಮುಗಿಯಲಿಲ್ಲ.

"ಇನ್ನು ಅವ ಇಳಿಯುವುದು ಬೆಳಿಗ್ಗೆಯೇ," ಎಂದಳು ನನ್ನ ಹೆಂಡತಿ ವಾರಿಜಾ. "ಡೊರೀನ್ ಒಂಬತ್ತಕ್ಕೆ ಬರ್ತಾರೆ. ಅಷ್ಟರೊಳಗೆ ಹಿಡಿಯದಿದ್ದರೆ ಅವರ ಮುಖ ಹೇಗೆ ನೋಡುವುದು ಮಾರಾಯ್ರೆ?"

ನನಗೂ ಅದೇ ಭಯ. ರಾತ್ರಿ ಊಟ ಸೇರಲಿಲ್ಲ.

ಬೆಳಕು ಹರಿಯುವ ಮೊದಲೇ ಎದ್ದೆವು. ಈಗ ಪ್ರಶ್ನೆ ಒಂದೇ: ಎಲ್ಲಿ ಕುಳಿತು ಹೊಂಚು ಹಾಕುವುದು? ಇಳಿಜಾರಿನಲ್ಲಿ ಮರಕ್ಕಿಂತ ಮೇಲ್ಗಡೆ ಚಾಪೆ ಹಾಸಿದಂತೆ ಸಮತಟ್ಟಾದ ಹುಲ್ಲು. ಕೆಳಗಡೆ ಮುಳ್ಳುಪೊದೆ, ಅದರಾಚೆ ನೀರು ಹರಿಯುವ ಸಣ್ಣ ತೋಡು.

"ಮೇಲೆ ಕೂತುಕೊಳ್ಳುವ," ಎಂದಳು ವಾರಿಜಾ. "ಮರದಿಂದ ಸ್ವಲ್ಪ ದೂರದಲ್ಲಿ. ಹಾರಿ ಇಳಿಯುವವ ಮುಳ್ಳಿನ ಮೇಲೆ ಇಳಿಯುತ್ತಾನಾ?"

ಇದು ಪಾಮರರ ತರ್ಕ. ನಾನು ಶಾಸ್ತ್ರ ಬಲ್ಲವನು. ಯಾವ ವಾರ, ಯಾವ ಬಣ್ಣದ ಹುಂಜವನ್ನು, ಯಾವ ದಿಕ್ಕಿನಿಂದ ಅಂಕಕ್ಕೆ ಬಿಡಬೇಕು ಎಂದು ಹೇಳುವ ಕುಕ್ಕುಟ ಪಂಚಾಂಗವೇ ನಮ್ಮಲ್ಲಿದೆ. ಮಾವನಿಗೆ ಫೋನ್ ಮಾಡಿದೆ. ಅವರು ಪುಟ ತಿರುವಿ, "ಆದಿತ್ಯವಾರ, ಕಪ್ಪು ಕೋಳಿ. ನೀನು ಪೂರ್ವದಲ್ಲಿ ಕೂತುಕೋ ಮಾರಾಯ. ಅದು ತಾನಾಗಿ ಬಂದು ಸೋಲ್ತದೆ," ಎಂದರು.

ಪೂರ್ವ ಅಂದರೆ ಮುಳ್ಳುಪೊದೆ.

"ಆ ಪಂಚಾಂಗದಲ್ಲಿ ನಮ್ಮ ಪೋಸ್ಟ್‌ಕೋಡ್ ಉಂಟಾ?" ಎಂದು ಕೇಳಿದ ವಾರಿಜಾ, ಫ್ಲಾಸ್ಕು ಮತ್ತು ಜೋಳದ ಡಬ್ಬ ಹಿಡಿದು ಮೇಲ್ಗಡೆಯ ಹುಲ್ಲಿಗೆ ಹೊರಟೇಹೋದಳು.

ನಾನು ಡಬಲ್ ಬೆಡ್ಡಿನ ಡ್ಯೂವೆ ಕವರನ್ನು, ಅಂದರೆ ರಜಾಯಿಗೆ ಹಾಕುವ ದೊಡ್ಡ ಚೀಲವನ್ನು, ಬಲೆಯಂತೆ ಬಿಡಿಸಿಕೊಂಡು ಮರದ ಬುಡದಲ್ಲೇ, ಪೂರ್ವಕ್ಕೆ ಸರಿಯಾಗಿ, ಕುಕ್ಕರುಗಾಲಲ್ಲಿ ಪ್ರತಿಷ್ಠಾಪಿತನಾದೆ. ಮೇಲಿನಿಂದ ಆರ್ಥರನ ಮೊದಲ ಪ್ರಸಾದ ಹೆಗಲಿಗೆ ಬಿತ್ತು. ಶುಭಶಕುನ ಎಂದುಕೊಂಡೆ. ಎರಡನೆಯದು ಕನ್ನಡಕಕ್ಕೆ ಬಿದ್ದಾಗ ಅಷ್ಟು ಖಾತ್ರಿ ಉಳಿಯಲಿಲ್ಲ. ಅವನನ್ನು ಕರೆಯಲು ಹೇಂಟೆಯ ಹಾಗೆ ಕೊಕ್ಕೊಕ್ಕೋ ಅಂದೆ. ಆರ್ಥರ್ ಕತ್ತು ಬಾಗಿಸಿ ನನ್ನನ್ನು ಬಹಳ ಹೊತ್ತು ನೋಡಿದ. ಅಷ್ಟು ಮರುಕದಿಂದ ನನ್ನನ್ನು ನಮ್ಮ ಮ್ಯಾನೇಜರೂ ನೋಡಿಲ್ಲ.

ಬಿಸಿಲು ಬಂತು. ಅವನು ರೆಕ್ಕೆ ಬಿಚ್ಚಿ, ನನ್ನ ತಲೆಯ ಮೇಲಿಂದ ಹಾದು, ಮೇಲ್ಗಡೆಯ ಹುಲ್ಲಿನ ಮೇಲೆ ನಿಧಾನವಾಗಿ ಇಳಿದ. ನಾನು ಕವರ್ ಎತ್ತಿ ಓಡಿದೆ. ಇಬ್ಬನಿಯ ಹುಲ್ಲು ಜಾರಿತು. ಕವರಿನ ಬಾಯಿ ತೆರೆದಿತ್ತು, ತಲೆ ಒಳಗೆ ಹೋಯಿತು. ಕಾಲು ಎಲ್ಲಿಟ್ಟೆನೋ ಕಾಣಲಿಲ್ಲ. ಮುಳ್ಳುಪೊದೆ ನನ್ನನ್ನು ತಡೆಯಲು ಪ್ರಾಮಾಣಿಕವಾಗಿ ಪ್ರಯತ್ನಿಸಿತು, ಆದರೂ ಉರುಳಿ ತೋಡು ಸೇರಿದೆ.

ನಾನು ಕವರಿನಿಂದ ತಲೆ ಹೊರಹಾಕಿದಾಗ ಕಂಡದ್ದಿಷ್ಟು: ವಾರಿಜಾ ಜೋಳದ ಡಬ್ಬ ಅಲ್ಲಾಡಿಸುತ್ತ ಮುಂದೆ, ಆರ್ಥರ್ ಸಂಸಾರಸ್ಥನಂತೆ ಹಿಂದೆ. ಅವಳು ಅವನನ್ನು ಮುಟ್ಟಲೂ ಇಲ್ಲ. ಅವನೇ ಗೂಡಿನೊಳಗೆ ಹೋದ, ಇವಳು ಚಿಲಕ ಹಾಕಿದಳು. ಅಬ್ಬ, ಹೋದ ಜೀವ ಬಂತು ನನಗೆ.

ಒಂಬತ್ತಕ್ಕೆ ಡೊರೀನ್ ಬಂದು ನೇರ ಗೂಡಿಗೇ ಹೋದರು. ಆರ್ಥರನ ಕತ್ತು ಸವರಿದರು. ಆಮೇಲೆ ಕೆಸರು, ಮುಳ್ಳು, ಹಿಕ್ಕೆ ಸಮೇತ ನಿಂತಿದ್ದ ನನ್ನನ್ನು ನೋಡಿದರು. ನಾನು ಎಲ್ಲವನ್ನೂ ಒಪ್ಪಿಕೊಂಡೆ, ದಿಕ್ಕಿನ ವಿಷಯ ಬಿಟ್ಟು. ಅದನ್ನು ವಾರಿಜಾ ಹೇಳಿದಳು.

ಡೊರೀನ್ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಬೈಯಲಿಲ್ಲ, ಪುಣ್ಯಾತ್ಮರು. ಮುಂದಿನ ತಿಂಗಳು ಮತ್ತೆ ಮಗಳ ಮನೆಗೆ ಹೊರಟಾಗ ಕಾಳಿನ ಡಬ್ಬವನ್ನು ವಾರಿಜಾಳ ಕೈಗಿತ್ತು, "ಇಬ್ಬರನ್ನೂ ನೋಡಿಕೋ," ಎಂದರು.

ಗೂಡಿನಲ್ಲಿರುವುದು ಆರ್ಥರ್ ಒಬ್ಬನೇ.