ಪಾಪ್ಪಾ ಬಾಯಿ ತೆರೆಯುವ ಮೊದಲು

ಕಾಯುವುದು ನನಗೆ ಬರುವುದಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ನಾಚಿಕೆಯಿಂದಲೂ ಅಲ್ಲ. ಕೆಲವರಿಗೆ ಈಜು ಬರುವುದಿಲ್ಲವಲ್ಲ, ಹಾಗೆ. ಲಿಫ್ಟಿನ ಗುಂಡಿಯನ್ನು ಐದು ಸಲ ಒತ್ತುತ್ತೇನೆ, ಯಾರಾದರೂ ಏನಾದರೂ ಹೇಳುತ್ತಿದ್ದರೆ ಕೊನೆಯ ವಾಕ್ಯವನ್ನು ನಾನೇ ಹೇಳಿ ಮುಗಿಸುತ್ತೇನೆ. ಕೊಯಮತ್ತೂರಿನ ಒಂದು ಪಂಪು ಕಾರ್ಖಾನೆಯಲ್ಲಿ, ತಯಾರಾಗಿ ಬಂದ ಮೋಟಾರು ಸರಿಯಾಗಿ ಓಡುತ್ತದೆಯೇ ಎಂದು ಪರೀಕ್ಷಿಸುವುದು ನನ್ನ ಕೆಲಸ. ಸ್ವಿಚ್ ಹಾಕಿದ ಕೂಡಲೇ ಓಡಬೇಕು. ಓಡದಿದ್ದರೆ ಕೆಂಪು ಚೀಟಿ ಅಂಟಿಸಿ ಪಕ್ಕಕ್ಕೆ ತಳ್ಳಬೇಕು. ಹದಿನಾಲ್ಕು ವರ್ಷ ಇದನ್ನೇ ಮಾಡಿದವನ ಮನೆಯಲ್ಲಿ ಮಗು ಹುಟ್ಟಿದರೆ ಏನಾಗಬಹುದೋ ಅದೇ ಆಯಿತು.

ನಮ್ಮದು ಇಲ್ಲಿ ನಾಲ್ಕು ತಲೆಮಾರಿನಿಂದ ನೆಲೆಸಿದ ಕನ್ನಡದ ಮನೆ. ಕನ್ನಡ ಅಡುಗೆಮನೆಯಿಂದ ಹೊಸ್ತಿಲವರೆಗೆ, ಅಲ್ಲಿಂದಾಚೆ ತಮಿಳು. ಮನೆಯಲ್ಲಿ ಕನ್ನಡ ಓದಲು ಬರುವುದು ನನಗೊಬ್ಬನಿಗೆ. ಚಿಕ್ಕಂದಿನ ರಜೆಗಳಲ್ಲಿ ಮೈಸೂರಿನ ಸೋದರಮಾವ ಕಿವಿ ಹಿಂಡಿ ಕಲಿಸಿದ್ದು. ಇದನ್ನು ಇಷ್ಟು ಧೈರ್ಯವಾಗಿ ಬರೆಯುತ್ತಿರುವುದಕ್ಕೂ ಅದೇ ಕಾರಣ. ನನ್ನ ಹೆಂಡತಿ ಸುಧಾ ಇದನ್ನು ಓದಲಾರಳು.

ಮಗಳು ಚಾರುವಿಗೆ ಮೂರು ತುಂಬುವವರೆಗೆ ನಾನು ಸ್ವಲ್ಪ ಮನುಷ್ಯನಾಗಿಯೇ ಇದ್ದೆ. ಒಂದು ಸಂಜೆ ಎದುರು ಮನೆಯ, ಅದೇ ವಯಸ್ಸಿನ ಹುಡುಗಿ ಬಾಗಿಲಲ್ಲಿ ನಿಂತು ಗ್ರಹಗಳ ಹೆಸರನ್ನೆಲ್ಲ ಇಂಗ್ಲಿಷಿನಲ್ಲಿ ಸಾಲಾಗಿ ಹೇಳಿದಳು. ನಮ್ಮ ಚಾರು ಆ ಹೊತ್ತಿಗೆ ಎಡಗಾಲಿನ ಚಪ್ಪಲಿಯನ್ನು ಬಲಗಾಲಿಗೆ ಹಾಕಿಕೊಳ್ಳುವುದರಲ್ಲಿ ಮಗ್ನಳಾಗಿದ್ದಳು. ಮರುದಿನವೇ ಬಾಗಿಲು, ಕಿಟಕಿ, ಫ್ರಿಜ್ಜು, ಗ್ರೈಂಡರು ಎಲ್ಲಕ್ಕೂ ಇಂಗ್ಲಿಷಿನಲ್ಲಿ ಹೆಸರು ಬರೆದು ಅಂಟಿಸಿದೆ. ನನ್ನ ಅಮ್ಮ ಪೊಳ್ಳಾಚಿ ಬಳಿಯ ನೆಗಮದ ನೇಕಾರರ ಮನೆಯ ಹೆಣ್ಣು, ತಮಿಳು ಮಾತ್ರ ಓದಬಲ್ಲವಳು. ತನ್ನ ಕುರ್ಚಿಯ ಬೆನ್ನಿಗಿದ್ದ ಚೀಟಿಯನ್ನು ಸವರಿ ನೋಡಿ, "ಏನಪ್ಪಾ, ಮನೆ ಯಾರಿಗಾನ ವಿತ್ಬುಟ್ಯಾ?" ಎಂದಳು, ಮಾರಿಬಿಟ್ಟೆಯಾ ಎಂಬರ್ಥದಲ್ಲಿ.

ಚೀಟಿಗಳ ನಂತರ ಪ್ರಶ್ನೆಗಳು ಶುರುವಾದವು. ಇಡ್ಲಿ ತಿನ್ನುವಾಗ ಇದು ಯಾವ ಆಕಾರ, ಸ್ಕೂಟರಿನಲ್ಲಿ ಹೋಗುವಾಗ ಆ ಬಸ್ಸು ಯಾವ ಬಣ್ಣ, ಸ್ನಾನ ಮಾಡಿಸುವಾಗ ಕಾಲಿಗೆಷ್ಟು ಬೆರಳು. ಚಾರು ಬಸ್ಸನ್ನು ನೋಡುವಳು, ಬಸ್ಸಿನ ಕಿಟಕಿಯಲ್ಲಿ ಕುಳಿತ ಮುದುಕನನ್ನು ನೋಡುವಳು, ಅವನ ಮಡಿಲಲ್ಲಿದ್ದ ಬಾಳೆಗೊನೆಯನ್ನು ನೋಡುವಳು. ಅಷ್ಟರಲ್ಲಿ ಬಸ್ಸು ಹೋಗಿರುತ್ತಿತ್ತು, "ಹಸಿರು" ಎಂದು ನಾನೇ ಹೇಳಿಯೂ ಆಗಿರುತ್ತಿತ್ತು. ಮಗು ಕಲಿಯುತ್ತಿದೆ ಎಂಬ ತೃಪ್ತಿಯಲ್ಲಿ ಮುಂದಿನ ಪ್ರಶ್ನೆಗೆ ಹೋಗುತ್ತಿದ್ದೆ.

ಎಲ್‌ಕೆಜಿ ಸೇರಿದ ಮೂರನೆಯ ವಾರ ಅವಳ ಮಿಸ್ ಕವಿತಾ ನನ್ನನ್ನು ಕರೆಸಿದರು. ಚಿಕ್ಕ ವಯಸ್ಸು, ಸಣ್ಣ ದನಿ. "ಸಾರ್, ಪಾಪ್ಪಾ ಕ್ಲಾಸ್‌ಲ ಪೇಸವೇ ಮಾಟೇಂಗರಾ" ಎಂದರು. ಮಗು ತರಗತಿಯಲ್ಲಿ ಮಾತೇ ಆಡುವುದಿಲ್ಲವಂತೆ. ಬಣ್ಣ ಹಚ್ಚುತ್ತಾಳೆ, ಸಾಲಿನಲ್ಲಿ ನಿಲ್ಲುತ್ತಾಳೆ, ಡಬ್ಬಿ ಖಾಲಿ ಮಾಡುತ್ತಾಳೆ. ಕೇಳಿದ್ದಕ್ಕೆ ಮಾತ್ರ ಉತ್ತರವಿಲ್ಲ, ಮುಖ ನೋಡುತ್ತಾ ನಿಂತುಬಿಡುತ್ತಾಳೆ. ಮನೆಯಲ್ಲಿ ಅಜ್ಜಿಯೊಡನೆ, ಬಾಲ್ಕನಿಯ ಕಾಗೆಯೊಡನೆ ಗಂಟೆಗಟ್ಟಲೆ ಹರಟುವ ಹುಡುಗಿ. ನನಗೆ ನಂಬಲಾಗಲಿಲ್ಲ.

ಆಮೇಲಿನ ದಿನಗಳಲ್ಲಿ ನಾನು ಕೂತಲ್ಲಿ ಕೂರಲಿಲ್ಲ. ಕಾರ್ಖಾನೆಯಲ್ಲಿ ಚೆನ್ನಾಗಿ ಓಡುತ್ತಿದ್ದ ಎರಡು ಮೋಟಾರುಗಳಿಗೆ ಕೆಂಪು ಚೀಟಿ ಅಂಟಿಸಿದೆ. ಒಬ್ಬ ಸಹೋದ್ಯೋಗಿ ಮಗುವಿನ ನಾಲಿಗೆಗೆ ಬಜೆ ತೇದು ಹಚ್ಚಲು ಹೇಳಿದ. ಇನ್ನೊಬ್ಬ, "ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಸ್ಕೂಲಲ್ಲಿ ಇಂಗ್ಲಿಷ್. ಮಗು ಗೊಂದಲಪಡದೆ ಏನು ಮಾಡುತ್ತೆ?" ಎಂದ. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಸುಧಾ, "ರಿಸಲ್ಟ್ ಬರಕ್ಕೆ ಕೊಂಚ ಟೈಮ್ ಬೇಕು, ಸುಮ್ಮನಿರಿ" ಎಂದಳು. ಮೂರು ಸಲಹೆಗಳಲ್ಲಿ ಅತ್ಯಂತ ಕೆಟ್ಟದ್ದನ್ನು ಆರಿಸಿಕೊಂಡು, ಸೋಮವಾರದಿಂದ ಮನೆಯಲ್ಲಿ ಇಂಗ್ಲಿಷ್ ಮಾತ್ರ ಎಂದು ಸಾರಿದೆ.

ಅಮ್ಮ ನನ್ನನ್ನು ದಿಟ್ಟಿಸಿ ನೋಡಿದಳು. "ನಂಗೆ ಬರೋದು 'ಕಮ್', 'ಗೋ' ಎರಡೇ. ಅದನ್ನ ಇಟ್ಕೊಂಡು ಪಾಪ್ಪಾಗೆ ಹೆಂಗಪ್ಪಾ ಸೋರು ಊಟ್ಲಿ?" ಮಗುವಿಗೆ ಅನ್ನ ಉಣಿಸುವ ಚಿಂತೆ ಅವಳಿಗೆ.

"ಕಲ್ತ್ಕೋಮ್ಮಾ. ಪಾಪ್ಪಾಗೋಸ್ಕರ."

ಅಮ್ಮ ಕಲಿಯಲಿಲ್ಲ. ವಾದವನ್ನೂ ಮಾಡದೆ ಬಾಯಿ ಮುಚ್ಚಿಕೊಂಡಳು. ಅನ್ನ ಬೇಕೇ ಎಂದು ಸೌಟು ಎತ್ತಿ ಕೇಳುವಳು, ಸಾಕೇ ಎಂದು ಹುಬ್ಬಿನಲ್ಲಿ ಕೇಳುವಳು. ಸುಧಾ ನನ್ನ ಮೇಲಿನ ಸಿಟ್ಟಿಗೆ ಇಂಗ್ಲಿಷ್ ಸಾಲದೆ ಪಾತ್ರೆಗಳನ್ನು ಬಳಸಿದಳು. ಮನೆಯಲ್ಲಿ ಮಾತಾಡುತ್ತಿದ್ದವನು ನಾನೊಬ್ಬನೇ. ಸ್ಪೂನ್, ಪ್ಲೇಟ್, ಸಿಟ್ ಪ್ರಾಪರ್ಲಿ ಎಂದು ರೈಲ್ವೆ ನಿಲ್ದಾಣದ ಪ್ರಕಟಣೆಯ ಹಾಗೆ ನುಡಿಯುತ್ತಿದ್ದೆ. ಮೂರನೆಯ ದಿನ ಚಾರು ಕಾಗೆಯೊಡನೆ ಮಾತಾಡುವುದನ್ನೂ ನಿಲ್ಲಿಸಿದಳು. ನಾಲ್ಕನೆಯ ದಿನ ಸಂಜೆ ನಾನು ಕೆಲಸದಿಂದ ಬಂದಾಗ ಮನೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ ಯಾರೂ ಇಲ್ಲವೆಂದುಕೊಂಡೆ. ಅಮ್ಮ ತನ್ನ ಕುರ್ಚಿಯಲ್ಲಿ ಬಾಗಿಲಿನ ಕಡೆ ನೋಡುತ್ತಾ ಕೂತಿದ್ದಳು. ಚಾರು ಅವಳ ಮೊಣಕಾಲಿಗೆ ಗಲ್ಲವಿಟ್ಟು ಬಹಳ ಹೊತ್ತು ಅವಳ ಮುಖ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು:

"ಅಜ್ಜಿ, ನೀನೂ ಸ್ಕೂಲಿಗೆ ಸೇರ್ಬುಟ್ಯಾ?"

ಅಮ್ಮ ಅವಳನ್ನು ಎತ್ತಿ ತೊಡೆಯ ಮೇಲೆ ಹಾಕಿಕೊಂಡಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾನು ಹೆಲ್ಮೆಟ್ಟು ತೆಗೆಯುವುದನ್ನೂ ಮರೆತು ಅಲ್ಲೇ ನಿಂತಿದ್ದೆ. ಚೆನ್ನಾಗಿ ಓಡುತ್ತಿದ್ದ ಮನೆಯನ್ನು ನಾನೇ ಬಿಚ್ಚಿ ಹಾಕಿದ್ದೆ. "ಅಮ್ಮಾ, ಮಾತಾಡಮ್ಮಾ" ಎಂದೆ, ಕನ್ನಡದಲ್ಲೇ. ಅಮ್ಮ ಮಾತಾಡಿದಳು. ನಾಲ್ಕು ದಿನದ ಬಾಕಿಯನ್ನೂ ಸೇರಿಸಿ ಮಾತಾಡಿದಳು. ಅದರಲ್ಲಿ ಹೆಚ್ಚಿನ ಪಾಲು ನನ್ನನ್ನು ಕುರಿತದ್ದಾಗಿತ್ತು.

ಮರುದಿನ ಬೆಳಿಗ್ಗೆ ಕವಿತಾ ಮಿಸ್ ಬಳಿ ಹೋಗಿ ನಡೆದದ್ದನ್ನೆಲ್ಲ ಒಪ್ಪಿಕೊಂಡೆ. ಅವರು ಬೈಯಲಿಲ್ಲ. ಮನೆಯಲ್ಲಿ ಯಾವ ಭಾಷೆ ಬೇಕಾದರೂ ಆಡಿ, ಆದರೆ ಆಡಿ ಎಂದರು. ಆಮೇಲೆ ಹೇಳಿದರು: ಚಾರುವನ್ನು ಏನಾದರೂ ಕೇಳಿದ ಮೇಲೆ ತಾವು ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುತ್ತಾರಂತೆ. ಮೊದಲೆಲ್ಲ ಹತ್ತು ಮುಗಿದರೂ ಏನೂ ಇರಲಿಲ್ಲ. ಈಗ ಏಳು ಎಂಟಾಗುವಾಗ ಮಗುವಿನ ತುಟಿ ಅಲುಗುತ್ತಿದೆ. "ನೀವೇ ನೋಡಿ ಸಾರ್, ಹೊರಗೆ ಕಿಟಕಿ ಹತ್ರ ನಿಂತ್ಕೊಂಡು. ಮಾತಾಡ್ಬೇಡಿ" ಎಂದು ತಮಿಳಿನಲ್ಲಿ ಹೇಳಿ ಒಳಗೆ ಹೋದರು.

ಕಿಟಕಿಯ ಕಂಬಿ ಹಿಡಿದು ನಿಂತೆ. ಒಳಗೆ ಇಪ್ಪತ್ತು ಮಕ್ಕಳು, ಎರಡನೆಯ ಸಾಲಿನಲ್ಲಿ ಚಾರು. ಮಿಸ್ ಬುಟ್ಟಿಯಿಂದ ಒಂದು ಬದನೆಕಾಯಿ ತೆಗೆದು ಅವಳ ಮುಂದೆ ಹಿಡಿದು, ಇದೇನು ಚಾರು ಎಂದು ಕೇಳಿದರು. ಚಾರು ಬದನೆಕಾಯಿಯನ್ನು ನೋಡಿದಳು. ನಾನು ಎಣಿಸತೊಡಗಿದೆ. ಮೂರಕ್ಕೆ ಕಂಬಿಗೆ ಮೂಗು ತಾಗಿಸಿದೆ. ಐದಕ್ಕೆ ಹಿಮ್ಮಡಿ ಎತ್ತಿ ನಿಂತೆ. ಆರಕ್ಕೆ ಅವಳು ಅದರ ತೊಟ್ಟನ್ನು ಮುಟ್ಟಿ ನೋಡಿದಳು. ಮನೆಯಲ್ಲಿ ವಾರಕ್ಕೆರಡು ಸಲ ತಿನ್ನುವ ತರಕಾರಿ, ಅಜ್ಜಿಯ ಜೊತೆ ಕೂತು ತಾನೇ ತೊಟ್ಟು ಮುರಿದು ಕೊಡುವ ತರಕಾರಿ. ಏಳು. ತುಟಿ ಅಲುಗಿತು. ಎಂಟು.

"ಬ್ರಿಂಜಾಲ್" ಎಂಬ ಗಂಡು ದನಿಯೊಂದು ತರಗತಿಯ ತುಂಬ ಕೇಳಿಸಿತು. ಅದು ನನ್ನದೆಂದು ನನಗೆ ತಿಳಿದದ್ದು ಇಪ್ಪತ್ತು ತಲೆಗಳು ಕಿಟಕಿಯತ್ತ ತಿರುಗಿದಾಗ.

ಚಾರು ಎದ್ದು ನಿಂತಳು. "ಅಪ್ಪಾ, ಮಿಸ್ಸು ನನ್ನ ಕೇಳಿದ್ದು. ನೀನು ಚುಮ್ಮಾ ಇರು" ಎಂದಳು, ಕೊನೆಯ ಬೆಂಚಿಗೂ ಕೇಳಿಸುವಂತೆ. ಮಿಸ್ ಕಡೆ ತಿರುಗಿ, "ಕತ್ತಿರಿಕ್ಕಾಯ್. ಎಣ್ಣೇಲಿ ಹಾಕಿದ್ರೆ ನಮ್ಮಜ್ಜಿ ಚೆನ್ನಾಗಿ ಮಾಡ್ತಾಳೆ. ಅಪ್ಪ ಮಾಡಿದ್ರೆ ಕರಕಲು" ಎಂದು ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಮುಂದುವರಿಸಿದಳು. ಅದಾದ ಮೇಲೆ ನಿಲ್ಲಿಸಲೇ ಇಲ್ಲ. ಕವಿತಾ ಮಿಸ್ ಬದನೆಕಾಯಿಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡು ನಗುತ್ತಿದ್ದರು.

ಶಾಲೆಯ ಹೊರಗೆ ಬೇವಿನ ಮರದ ಕೆಳಗೆ ಸ್ಕೂಟರಿಗೆ ಒರಗಿ ಸ್ವಲ್ಪ ಹೊತ್ತು ನಿಂತೆ. ಕಣ್ಣಿಗೆ ಏನೋ ಬಿದ್ದಿತ್ತು. ಸುಧಾಗೆ ಫೋನು ಮಾಡಿ, ಮಗು ತರಗತಿಯಲ್ಲಿ ಮಾತಾಡಿದಳು ಎಂದೆ. "ನಿಜವಾ? ಮೊದಲ್ನೇ ಮಾತು ಏನಂದ್ಳು?" ಎಂದು ಕೇಳಿದಳು.

ಉತ್ತರ ಗೊತ್ತಿದ್ದೂ ನಾನು ಹತ್ತರವರೆಗೆ ಎಣಿಸಿದೆ.